24 ಜನ, ನಾಲ್ಕು ಊರು: ಅಮೆರಿಕದಲ್ಲಿ ಯಾವ ಮ್ಯೂಸಿಯಂ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು?

ಪ್ರಶ್ನೆ: ನಾವು ಶಿವಮೊಗ್ಗದ ಮೂರು ಕುಟುಂಬದವರು, ಒಟ್ಟು 24 ಜನ. ಏಳು ಜನ 65 ದಾಟಿದವರು, ಅದರಲ್ಲಿ ಇಬ್ಬರಿಗೆ ಮಂಡಿ ನೋವು. 12 ವರ್ಷದ ಒಳಗಿನ ಆರು ಮಕ್ಕಳು. ಮುಂದಿನ ಜೂನ್‌ನಲ್ಲಿ ಹತ್ತು ದಿನ ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್, ಶಿಕಾಗೋ ನೋಡಬೇಕು ಅಂತ ಆಸೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ದಿನಕ್ಕೆ ನಾಲ್ಕೈದು ಜಾಗ ಇದೆ, ಅರ್ಧಕ್ಕರ್ಧ ಮ್ಯೂಸಿಯಂ. ಇಷ್ಟೆಲ್ಲ ಆಗುತ್ತದಾ? ಗ್ರೂಪ್ ಟಿಕೆಟ್ ಮಾಡಿಸಬೇಕಾ, ಹಲವು ಜಾಗಕ್ಕೆ ಸೇರಿ ಒಂದೇ ಟಿಕೆಟ್ ಕೊಡುವ ಸಿಟಿ ಪಾಸ್ ಕೊಳ್ಳಬೇಕಾ? ನಯಾಗರಾ ಸೇರಿಸಬಹುದಾ?

ಉತ್ತರ: ಆಗುವುದಿಲ್ಲ. ಮೊದಲು ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿ, ಆಮೇಲೆ ಮಾತಾಡೋಣ.

ಏಜೆಂಟರು ಲೆಕ್ಕ ಹಾಕುವುದು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬಸ್ಸಿಗೆ ಎಷ್ಟು ಹೊತ್ತು ಬೇಕು ಅಂತ. ನಿಜವಾಗಿ ಹೊತ್ತು ಹೋಗುವುದು ಬೇರೆ ಕಡೆ. ಸೆಕ್ಯುರಿಟಿ ಸಾಲು, ಎಲ್ಲರ ಚೀಲ ತಪಾಸಣೆ, ಒಬ್ಬೊಬ್ಬರಾಗಿ ಬಾತ್‌ರೂಮಿಗೆ ಹೋಗಿ ಬರುವುದು, ಗಿಫ್ಟ್ ಶಾಪ್‌ನಲ್ಲಿ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು, ಎಲ್ಲರೂ ಬಂದರಾ ಅಂತ ತಲೆ ಎಣಿಸುವುದು. 24 ಜನರ ಗುಂಪು ಒಂದು ಮ್ಯೂಸಿಯಂ ಒಳಗೆ ಹೋಗಿ ಹೊರಗೆ ಬರುವುದಕ್ಕೇ ಒಂದು ತಾಸು ಬೇಕು, ನೋಡುವುದು ಅದರ ಮೇಲೆ. ಅದಕ್ಕೆ ನಾನು ಎಲ್ಲ ಗುಂಪುಗಳಿಗೂ ಹೇಳುವುದು ಒಂದೇ. ಬೆಳಿಗ್ಗೆ ಟೈಮ್ ನಿಗದಿಯಾದ ಒಂದು ಜಾಗ ಇಟ್ಟುಕೊಳ್ಳಿ. ಮಧ್ಯಾಹ್ನಕ್ಕೆ ಟಿಕೆಟ್ ಬೇಡದ, ಬೇಕಾದರೆ ಬಿಟ್ಟುಬಿಡಬಹುದಾದ ಒಂದು ಜಾಗ. ಅಷ್ಟೇ.

ಪಟ್ಟಿ ಕತ್ತರಿಸುವುದು ಹೇಗೆ ಅಂತೀರಾ? ಒಂದೇ ತರಹದ್ದು ಎರಡು ಸಲ ಬಂದಿದೆಯಾ ನೋಡಿ. ಇಂಥ ಪಟ್ಟಿಗಳಲ್ಲಿ ಎಂಪೈರ್ ಸ್ಟೇಟ್ ಇರುತ್ತದೆ, ಟಾಪ್ ಆಫ್ ದಿ ರಾಕ್ ಇರುತ್ತದೆ, ಶಿಕಾಗೋದ ವಿಲ್ಲಿಸ್ ಟವರ್ ಕೂಡ ಇರುತ್ತದೆ. ಎತ್ತರದ ಕಟ್ಟಡದ ಮೇಲೆ ನಿಂತು ಊರು ನೋಡುವುದು ಒಂದು ಸಲ ಸಾಕು, ಅಲ್ವಾ? ಡೈನೋಸಾರ್ ಮೂಳೆಗಳ ಕಥೆಯೂ ಅಷ್ಟೇ. ನ್ಯೂಯಾರ್ಕ್, ವಾಷಿಂಗ್ಟನ್, ಶಿಕಾಗೋ ಮೂರೂ ಕಡೆ ದೊಡ್ಡ ದೊಡ್ಡ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇವೆ, ಮೂರನೆಯದರ ಹೊತ್ತಿಗೆ ಮಕ್ಕಳೂ ಬೆಂಚು ಹುಡುಕುತ್ತಾರೆ.

ಈಗ ಊರುಗಳಿಗೆ ಬರೋಣ. ನಿಮ್ಮಂಥ ಗುಂಪಿಗೆ ಎಲ್ಲಕ್ಕಿಂತ ಒಳ್ಳೆಯ ಊರು ವಾಷಿಂಗ್ಟನ್. ಏಜೆಂಟರು ಅದಕ್ಕೆ ಒಂದು ದಿನ ಕೊಡುತ್ತಾರೆ, ಶ್ವೇತಭವನದ ಬೇಲಿ ಮುಂದೆ ಫೋಟೋ ತೆಗೆಸಿ ಮುಂದಕ್ಕೆ ಓಡಿಸುತ್ತಾರೆ. ನೀವು ಮೂರು ದಿನ ಕೊಡಿ. ಕಾರಣ ಸರಳ. ಅಲ್ಲಿನ ಸ್ಮಿತ್ಸೋನಿಯನ್ ಮ್ಯೂಸಿಯಂಗಳಿಗೆ ಪ್ರವೇಶ ಪೂರ್ತಿ ಉಚಿತ, ನಮಗೂ ಉಚಿತ, ವಿದೇಶಿಯರಿಗೆ ಬೇರೆ ದರ ಅಂತೇನಿಲ್ಲ. ಜೇಮ್ಸ್ ಸ್ಮಿತ್ಸನ್ ಅನ್ನುವ ಇಂಗ್ಲಿಷ್ ವಿಜ್ಞಾನಿ ತನ್ನ ವಾರಸುದಾರ ಮಕ್ಕಳಿಲ್ಲದೆ ತೀರಿಕೊಂಡರೆ ಆಸ್ತಿಯೆಲ್ಲ ಅಮೆರಿಕಕ್ಕೆ ಸೇರುವ ಹಾಗೆ ಉಯಿಲು ಬರೆದಿಟ್ಟು 1829ರಲ್ಲಿ ತೀರಿಕೊಂಡ. ಆತ ಬದುಕಿದ್ದಾಗ ಒಂದು ಸಲವೂ ಅಮೆರಿಕಕ್ಕೆ ಕಾಲಿಟ್ಟಿರಲಿಲ್ಲ. ಆ ದುಡ್ಡಿನಿಂದ 1846ರಲ್ಲಿ ಸಂಸ್ಥೆ ಶುರುವಾಯಿತು. ಗುಂಪಿನವರಿಗೆ ಉಚಿತ ಅಂದರೆ ದುಡ್ಡು ಉಳಿಯುವುದಷ್ಟೇ ಅಲ್ಲ. ಅಜ್ಜಿಗೆ ಸುಸ್ತಾದರೆ ಅರ್ಧ ಗಂಟೆಗೇ ಹೊರಗೆ ಬರಬಹುದು, ಮೂವತ್ತು ಡಾಲರ್ ಕೊಟ್ಟಿದ್ದೇವೆ ಅಂತ ಯಾರೂ ಯಾರನ್ನೂ ಎಳೆದುಕೊಂಡು ತಿರುಗಬೇಕಾಗಿಲ್ಲ.

ಹೆಚ್ಚಿನ ಸ್ಮಿತ್ಸೋನಿಯನ್ ಮ್ಯೂಸಿಯಂಗಳಿಗೆ ನೇರ ಹೋಗಬಹುದು. ನ್ಯಾಷನಲ್ ಮಾಲ್ ಅನ್ನುವ ಉದ್ದನೆಯ ಹುಲ್ಲು ಮೈದಾನದ ಪಕ್ಕ ಇರುವ ಏರ್ ಅಂಡ್ ಸ್ಪೇಸ್ ಮ್ಯೂಸಿಯಂಗೆ ಮತ್ತು ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂಗೆ ಮಾತ್ರ ಒಳಗೆ ಹೋಗುವ ಹೊತ್ತು ನಿಗದಿಯಾದ ಉಚಿತ ಪಾಸ್ ಮೊದಲೇ ತೆಗೆದುಕೊಳ್ಳುವ ಪದ್ಧತಿ ಇದೆ. ಈ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ತಿಂಗಳು ಅವರ ವೆಬ್‌ಸೈಟ್ ನೋಡಿ. ಏರ್ ಅಂಡ್ ಸ್ಪೇಸ್ ಬಿಡಬೇಡಿ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನ ಅಲ್ಲೇ ಇದೆ, ಮಾದರಿ ಅಲ್ಲ, ಅದೇ ವಿಮಾನ. ಚಂದ್ರನ ಹತ್ತಿರ ಹೋಗಿ ಬಂದ ಅಪೋಲೋ 11ರ ಕೊಲಂಬಿಯಾ ಕೋಶವೂ ಇದೆ. ಮೂರು ಜನ ಇಷ್ಟು ಸಣ್ಣ ಜಾಗದಲ್ಲಿ ಕೂತು ಹೋಗಿದ್ದರಾ ಅಂತ ದೊಡ್ಡವರೇ ಬಾಯಿ ಬಿಡುತ್ತಾರೆ.

ಇದೇ ಮ್ಯೂಸಿಯಂನ ಇನ್ನೊಂದು ಭಾಗ ವರ್ಜೀನಿಯಾದ ಶಾಂಟಿಲಿಯಲ್ಲಿದೆ, ಡಲ್ಲೆಸ್ ವಿಮಾನ ನಿಲ್ದಾಣದ ಪಕ್ಕ. ಹೆಸರು ಉದ್ವಾರ್ ಹೇಜಿ ಸೆಂಟರ್. ನಿಮ್ಮ ವಿಮಾನ ಡಲ್ಲೆಸ್‌ನಿಂದ ಇದ್ದರೆ ಹೊರಡುವ ದಿನ ಲಗೇಜನ್ನು ಬಸ್ಸಿನಲ್ಲೇ ಬಿಟ್ಟು ಇಲ್ಲಿ ಎರಡು ತಾಸು ಕಳೆಯಿರಿ. ದೊಡ್ಡ ಹ್ಯಾಂಗರ್, ಸಮತಟ್ಟಾದ ನೆಲ, ಮಂಡಿ ನೋವಿನವರಿಗೆ ಕಷ್ಟವಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಕಾನ್‌ಕಾರ್ಡ್ ಇದೆ, ಬ್ಲ್ಯಾಕ್‌ಬರ್ಡ್ ಅನ್ನುವ ಬೇಹುಗಾರಿಕೆ ವಿಮಾನ ಇದೆ, ಡಿಸ್ಕವರಿ ಅನ್ನುವ ಬಾಹ್ಯಾಕಾಶ ನೌಕೆ ಇದೆ. ಸುನೀತಾ ವಿಲಿಯಮ್ಸ್ 2006ರಲ್ಲಿ ಮೊದಲ ಸಲ ಬಾಹ್ಯಾಕಾಶಕ್ಕೆ ಹೋಗಿದ್ದು ಇದೇ ಡಿಸ್ಕವರಿಯಲ್ಲಿ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ, ನೋಡುವ ಕಣ್ಣೇ ಬೇರೆ ಆಗುತ್ತದೆ. ಅದನ್ನು ಹ್ಯೂಸ್ಟನ್‌ಗೆ ಸಾಗಿಸಬೇಕು ಅಂತ 2025ರಿಂದ ರಾಜಕೀಯದವರ ಜಗ್ಗಾಟ ನಡೆದಿದೆ, ಹೋಗುವ ಮುಂಚೆ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಹೋಪ್ ವಜ್ರ ನೋಡಿ. ನೀಲಿ ಬಣ್ಣ, 45.52 ಕ್ಯಾರೆಟ್. ಗೋಲ್ಕೊಂಡಾ ಸೀಮೆಯ ಕೊಲ್ಲೂರು ಗಣಿಯಿಂದ ಹೋದದ್ದು ಅಂತ ಹೇಳುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ಕೃಷ್ಣಾ ತೀರದ್ದು, ಈಗಿನ ಆಂಧ್ರದಲ್ಲಿದೆ. 1958ರಲ್ಲಿ ಹ್ಯಾರಿ ವಿನ್‌ಸ್ಟನ್ ಅನ್ನುವ ನ್ಯೂಯಾರ್ಕಿನ ಒಡವೆ ವ್ಯಾಪಾರಿ ಇದನ್ನು ಮ್ಯೂಸಿಯಂಗೆ ದಾನ ಕೊಟ್ಟ, ಕಳಿಸಿದ್ದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ! ಚಿತ್ರಕಲೆಯ ಹುಚ್ಚಿರುವವರು ಇದ್ದರೆ ಅಲ್ಲೇ ಪಕ್ಕದಲ್ಲಿ ನ್ಯಾಷನಲ್ ಗ್ಯಾಲರಿ, ಅದೂ ಉಚಿತ. ಲಿಯೊನಾರ್ಡೊ ಡ ವಿಂಚಿ ಬರೆದ ಚಿತ್ರವನ್ನು ಅಮೆರಿಕ ಖಂಡದಲ್ಲಿ ಜನ ಹೋಗಿ ನೋಡಬಹುದಾದ ಜಾಗ ಅದೊಂದೇ. ಹುಚ್ಚಿಲ್ಲದವರನ್ನು ಸುಮ್ನೆ ಕರೆದುಕೊಂಡು ಹೋಗಬೇಡಿ, ಅವರು ಹೊರಗೆ ಮರದ ಕೆಳಗೆ ಐಸ್‌ಕ್ರೀಮ್ ತಿನ್ನಲಿ.

ಕ್ಯಾಪಿಟಲ್ ಅಂದರೆ ಸಂಸತ್ ಭವನದ ಟೂರ್ ಕೂಡ ಉಚಿತ, ಅವರ ವಿಸಿಟರ್ ಸೆಂಟರ್ ವೆಬ್‌ಸೈಟ್‌ನಲ್ಲೇ ಬುಕ್ ಮಾಡಬಹುದು. ಒಂದು ಎಚ್ಚರಿಕೆ. ಒಳಗೆ ಊಟ ತಿಂಡಿ ಬಿಡುವುದಿಲ್ಲ, ನೀರು ತುಂಬಿದ ಬಾಟಲಿಯನ್ನೂ ಬಿಡುವುದಿಲ್ಲ. ಪುಳಿಯೋಗರೆ ಡಬ್ಬಿ ಹಿಡಿದು ಹೋದರೆ ಬಾಗಿಲಲ್ಲೇ ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ, ಆ ದಿನ ಊಟ ಬಸ್ಸಿನಲ್ಲೇ ಇರಲಿ. ಶ್ವೇತಭವನದ ಒಳಗಿನ ಟೂರ್ ನಂಬಿಕೊಂಡು ಪ್ಲಾನ್ ಮಾಡಲೇಬೇಡಿ. ಲಿಂಕನ್ ಸ್ಮಾರಕಕ್ಕೆ ರಾತ್ರಿ ಊಟ ಆದ ಮೇಲೆ ಹೋಗಿ, ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ಜೂನ್‌ನಲ್ಲಿ ವಾಷಿಂಗ್ಟನ್ ಮಧ್ಯಾಹ್ನ ಮಂಗಳೂರಿನ ಹಾಗೆ ಬೆವರಿಳಿಸುತ್ತದೆ. ಹಗಲು ಮ್ಯೂಸಿಯಂ ಒಳಗಿನ ಏಸಿಯಲ್ಲಿ, ಸ್ಮಾರಕಗಳೆಲ್ಲ ಸಂಜೆ ಮೇಲೆ, ಹಾಗೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಈ ಮ್ಯೂಸಿಯಂಗಳು ನಡೆಯುವುದು ಹೆಚ್ಚಾಗಿ ಕೇಂದ್ರ ಸರ್ಕಾರದ ದುಡ್ಡಿನಲ್ಲಿ. ಬಜೆಟ್ ಜಗಳ ಜೋರಾಗಿ ಸರ್ಕಾರ ಬಂದ್ ಆದರೆ ಇವೂ ಬಂದ್, 2025ರ ಅಕ್ಟೋಬರ್‌ನಲ್ಲಿ ಹಾಗೇ ಆಯಿತು. ಜೂನ್‌ನಲ್ಲಿ ಆ ಭಯ ಕಡಿಮೆ. ಯಾರಾದರೂ ದಸರಾ ರಜೆಗೆ ಹೋಗೋಣ ಅಂದರೆ ಇದು ನೆನಪಿರಲಿ.

ನ್ಯೂಯಾರ್ಕ್‌ನಲ್ಲಿ ದುಡ್ಡು ಕೊಟ್ಟು ನೋಡುವುದು ಎರಡೋ ಮೂರೋ ಸಾಕು. ಲಿಬರ್ಟಿ ಪ್ರತಿಮೆಗೆ ಹೋಗಲೇಬೇಕು, ಅದಕ್ಕೆ ಪೂರ್ತಿ ಅರ್ಧ ದಿನ ಬೇಕು. ದ್ವೀಪದಲ್ಲಿ ಇಳಿಸಲು ಅನುಮತಿ ಇರುವ ದೋಣಿ ಕಂಪನಿ ಒಂದೇ, ಸ್ಟ್ಯಾಚ್ಯೂ ಸಿಟಿ ಕ್ರೂಸಸ್. ಬ್ಯಾಟರಿ ಪಾರ್ಕ್ ಹತ್ತಿರ ರಸ್ತೆಯಲ್ಲಿ ಜಾಕೆಟ್ ಹಾಕಿಕೊಂಡು ಟಿಕೆಟ್ ಮಾರುವವರು ಕೈ ಹಿಡಿದು ಕರೆಯುತ್ತಾರೆ, ಅವರ ದೋಣಿಗಳು ಪ್ರತಿಮೆಯನ್ನು ದೂರದಿಂದ ತೋರಿಸಿ ವಾಪಸ್ ಬರುತ್ತವೆ. ಟಿಕೆಟ್ ಮನೆಯಲ್ಲೇ ಆನ್‌ಲೈನ್ ಮಾಡಿ. ನೀವು ನ್ಯೂಜೆರ್ಸಿಯಲ್ಲಿ ಉಳಿದುಕೊಂಡರೆ, ನಮ್ಮವರು ಹೆಚ್ಚಿನವರು ಅಲ್ಲೇ ಉಳಿಯುವುದು, ಜೆರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕ್‌ನಿಂದ ದೋಣಿ ಹತ್ತಿ. ಅದೇ ಕಂಪನಿ, ಅದೇ ಟಿಕೆಟ್ ಪದ್ಧತಿ, ಬಸ್ ನಿಲ್ಲಿಸಲು ಜಾಗ ಇದೆ, ಸಾಲೂ ಸಾಮಾನ್ಯವಾಗಿ ಚಿಕ್ಕದು. ಕಿರೀಟದವರೆಗೆ ಹತ್ತುವ ಆಸೆ ಬಿಡಿ. ಪೀಠದ ಮೇಲಿಂದ 162 ಇಕ್ಕಟ್ಟಾದ ಮೆಟ್ಟಿಲು, ಆ ಭಾಗಕ್ಕೆ ಬರುವವರಿಗಾಗಿ ಲಿಫ್ಟ್ ಇಲ್ಲ. ಅದೇ ಟಿಕೆಟ್‌ನಲ್ಲಿ ಬರುವ ಎಲ್ಲಿಸ್ ದ್ವೀಪವನ್ನು ಮಾತ್ರ ತಪ್ಪಿಸಬೇಡಿ. 1892ರಿಂದ 1954ರವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ವಲಸಿಗರು ಆ ದ್ವೀಪ ದಾಟಿ ಅಮೆರಿಕದ ಒಳಗೆ ಹೋದರು. ಮಕ್ಕಳು ಮೊಮ್ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಕೂತ ಅಪ್ಪ ಅಮ್ಮಂದಿರಿಗೆ ಪ್ರತಿಮೆಗಿಂತ ಇದೇ ಮನಸ್ಸಿಗೆ ತಟ್ಟುತ್ತದೆ. ನಡೆಯಲು ಆಗದವರು ಇದ್ದರೆ ಅವರಿಗೆ ಸ್ಟೇಟನ್ ಐಲೆಂಡ್ ಫೆರಿ ಇದೆ, ಉಚಿತ, ಸುಮಾರು 25 ನಿಮಿಷ, ಕೂತಲ್ಲಿಂದಲೇ ಪ್ರತಿಮೆ ಕಾಣುತ್ತದೆ.

ಎರಡನೆಯದು ಮೆಟ್ರೊಪಾಲಿಟನ್ ಮ್ಯೂಸಿಯಂ, ಎಲ್ಲರೂ ಮೆಟ್ ಅನ್ನುವುದು. ಅದನ್ನು ಪೂರ್ತಿ ನೋಡುತ್ತೇವೆ ಅಂತ ಹೊರಟರೆ ಯಾರಿಗೂ ಏನೂ ನೆನಪಿರುವುದಿಲ್ಲ. ಈಜಿಪ್ಟಿನ ಡೆಂಡೂರ್ ದೇವಸ್ಥಾನ ನೋಡಿ. ಅಸ್ವಾನ್ ಅಣೆಕಟ್ಟಿನಲ್ಲಿ ಮುಳುಗಲಿದ್ದ ಸ್ಮಾರಕಗಳನ್ನು ಉಳಿಸಲು ಸಹಾಯ ಮಾಡಿದ್ದಕ್ಕೆ ಈಜಿಪ್ಟ್ 1965ರಲ್ಲಿ ಅಮೆರಿಕಕ್ಕೆ ಕೊಟ್ಟ ಉಡುಗೊರೆ ಅದು. ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಲಿಂಗನಮಕ್ಕಿಯಿಂದ ಊರು ಮುಳುಗಿದ ಕಥೆ ಕೇಳಿ ಬೆಳೆದ ಶಿವಮೊಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಗೆ ಕುದುರೆ ಮೇಲೆ ಕೂತ ಕವಚದ ಯೋಧರ ವಿಭಾಗ. ನಂತರ ಭಾರತದ ಶಿಲ್ಪಗಳು. ಎರಡು ತಾಸು, ಮುಗಿಯಿತು. ಶುಕ್ರವಾರ, ಶನಿವಾರ ರಾತ್ರಿ 9ರವರೆಗೆ ತೆರೆದಿರುತ್ತದೆ.

9/11 ಸ್ಮಾರಕದ ಎರಡು ನೀರಿನ ಹೊಂಡ ಹೊರಗಡೆ ಇವೆ, ದುಡ್ಡಿಲ್ಲ. ಕೆಳಗಿನ ಮ್ಯೂಸಿಯಂ ಚೆನ್ನಾಗಿದೆ, ಆದರೆ ಚಿಕ್ಕ ಮಕ್ಕಳಿಗೆ ಬೇಡ. ಹಿರಿಯರಿಗೆ ಒಂದು ಬೆಳಿಗ್ಗೆ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿರುವ ಗಣೇಶ ದೇವಸ್ಥಾನಕ್ಕೆ ಇಡಿ. ದೇವಸ್ಥಾನದ ಕ್ಯಾಂಟೀನ್‌ನಲ್ಲಿ ದೋಸೆ ಸಿಗುತ್ತದೆ, ನಾಲ್ಕು ದಿನ ಬ್ರೆಡ್ ತಿಂದವರಿಗೆ ಅದು ಯಾವ ಮ್ಯೂಸಿಯಂಗೂ ಕಡಿಮೆಯಲ್ಲ.

ಫಿಲಡೆಲ್ಫಿಯಾ ಹೇಗೂ ದಾರಿಯಲ್ಲೇ ಸಿಗುತ್ತದೆ, ಅಲ್ಲಿ ಉಳಿದುಕೊಳ್ಳಬೇಕಾಗಿಲ್ಲ. ಸ್ವಾತಂತ್ರ್ಯದ ಸಂಕೇತ ಅನ್ನುವ ಹಳೆಯ ಗಂಟೆ ಲಿಬರ್ಟಿ ಬೆಲ್‌ಗೆ ಟಿಕೆಟ್ ಇಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಣೆ, 1787ರಲ್ಲಿ ಸಂವಿಧಾನ, ಎರಡೂ ಆದ ಇಂಡಿಪೆಂಡೆನ್ಸ್ ಹಾಲ್‌ಗೆ ಟೈಮ್ ಟಿಕೆಟ್ ಬೇಕು. ಆನ್‌ಲೈನ್‌ನಲ್ಲಿ ತಲೆಗೆ ಒಂದು ಡಾಲರ್ ಬುಕಿಂಗ್ ಶುಲ್ಕ, ಮೊದಲೇ ಖಾಲಿಯಾಗುತ್ತದೆ. ಹೆಚ್ಚಿನ ಗುಂಪುಗಳು ಇಷ್ಟು ನೋಡಿ ಹೊರಡುತ್ತವೆ. ನೀವು ಅಲ್ಲಿನ ಕಲಾ ಮ್ಯೂಸಿಯಂಗೂ ಹೋಗಿ. ಒಳಗೆ ಮದುರೆಯ ಒಂದು ಕಲ್ಲಿನ ಕಂಬಗಳ ಮಂಟಪವೇ ಇದೆ! ಹದಿನಾರನೇ ಶತಮಾನದ್ದು, ವಿಜಯನಗರದ ನಾಯಕರ ಕಾಲದ ಕೆಲಸ. ಫಿಲಡೆಲ್ಫಿಯಾದ ಒಬ್ಬ ಮಹಿಳೆ 1912ರಲ್ಲಿ ಮದುರೆಗೆ ಹೋಗಿದ್ದಾಗ ಬಿದ್ದುಕೊಂಡಿದ್ದ ಕಂಬಗಳನ್ನು ಕೊಂಡು ಹಡಗಿನಲ್ಲಿ ತರಿಸಿದರು, 1919ರಲ್ಲಿ ಅವರ ಮನೆಯವರು ಮ್ಯೂಸಿಯಂಗೆ ಕೊಟ್ಟರು. ಹಂಪಿ ನೋಡಿದವರಿಗೆ ಕಂಬಗಳ ಕೆತ್ತನೆ ತಕ್ಷಣ ಗುರುತು ಸಿಗುತ್ತದೆ. ಹೆಮ್ಮೆಪಡಬೇಕಾ ಬೇಜಾರಾಗಬೇಕಾ ಅನ್ನುವ ಜಗಳ ವಾಪಸ್ ಬಸ್ಸಿನಲ್ಲಿ ಮಾಡಿಕೊಳ್ಳಿ.

ವಾರದ ರಜೆ ಇಲ್ಲೇ ಹೇಳಿಬಿಡುತ್ತೇನೆ, ಏಜೆಂಟರು ಜಾಸ್ತಿ ಎಡವುವುದು ಇಲ್ಲೇ. ಮೆಟ್‌ಗೆ ಬುಧವಾರ ರಜೆ. ಫಿಲಡೆಲ್ಫಿಯಾದ ಕಲಾ ಮ್ಯೂಸಿಯಂಗೂ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ಗೂ ಮಂಗಳವಾರ, ಬುಧವಾರ ಎರಡೂ ದಿನ ರಜೆ. ಹಾಗಾಗಿ ನಿಮ್ಮ ಮಂಗಳವಾರ, ಬುಧವಾರ ವಾಷಿಂಗ್ಟನ್‌ನಲ್ಲಿ ಬೀಳುವ ಹಾಗೆ ವಿಮಾನದ ಟಿಕೆಟ್ ಮಾಡಿಸಿ. ಸ್ಮಿತ್ಸೋನಿಯನ್‌ನ ದೊಡ್ಡ ಮ್ಯೂಸಿಯಂಗಳು ಡಿಸೆಂಬರ್ 25 ಬಿಟ್ಟರೆ ದಿನವೂ ತೆರೆದಿರುತ್ತವೆ.

ಶಿಕಾಗೋಗೆ ಎರಡು ಪೂರ್ತಿ ದಿನ ಇದ್ದರೆ ಮಾತ್ರ ಹೋಗಿ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲೇ. ಹಿಂದಿನ ವರ್ಷ ಅವರು ಬೆಳಗಾವಿ, ಬೆಂಗಳೂರು, ಮೈಸೂರು ಸುತ್ತಿದ್ದರು, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿ. ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಫುಲ್ಲರ್ಟನ್ ಹಾಲ್ ಆಗ ಇರಲಿಲ್ಲ, ಅದು 1898ರದ್ದು. ಭಾಷಣ ನಡೆದ ಕೊಲಂಬಸ್ ಹಾಲ್ ತಾತ್ಕಾಲಿಕವಾಗಿ ಕಟ್ಟಿದ್ದು. ಫುಲ್ಲರ್ಟನ್ ಹಾಲ್ ಉಪನ್ಯಾಸಕ್ಕೆ ಬಳಸುವ ಜಾಗ, ಒಳಗೆ ನೋಡಬೇಕು ಅಂದರೆ ಮ್ಯೂಸಿಯಂಗೆ ಮೊದಲೇ ಮೇಲ್ ಹಾಕಿ ಕೇಳಿ. ಅಲ್ಲಿಂದ ಸ್ವಲ್ಪ ನಡೆದರೆ ಮಿಲೆನಿಯಂ ಪಾರ್ಕ್, ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ ಕನ್ನಡಿ ಹೊಳಪಿನ ಕ್ಲೌಡ್ ಗೇಟ್. ಮಾರನೇ ದಿನ ಫೀಲ್ಡ್ ಮ್ಯೂಸಿಯಂ. ಡೈನೋಸಾರ್ ನೋಡುವುದಾದರೆ ಇಲ್ಲೇ ನೋಡಿ. 1990ರಲ್ಲಿ ಸೌತ್ ಡಕೋಟಾದಲ್ಲಿ ಸಿಕ್ಕ ಸ್ಯೂ ಅನ್ನುವ ಟಿ. ರೆಕ್ಸ್, ಸುಮಾರು 40 ಅಡಿ ಉದ್ದ. 1997ರ ಹರಾಜಿನಲ್ಲಿ 80 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ತಂದರು.

ಟಿಕೆಟ್ ವಿಚಾರ. ಬಹಳ ಮ್ಯೂಸಿಯಂಗಳಲ್ಲಿ ಹತ್ತರಿಂದ ಇಪ್ಪತ್ತು ಜನ ದಾಟಿದರೆ ಗ್ರೂಪ್ ಅಂತ ಲೆಕ್ಕ, ಮೊದಲೇ ಹೇಳಿ ಟೈಮ್ ತೆಗೆದುಕೊಳ್ಳಬೇಕು, ಒಟ್ಟಿಗೇ ಬರಬೇಕು, ಒಂದೇ ಸಲ ದುಡ್ಡು ಕಟ್ಟಬೇಕು. ಗ್ರೂಪ್ ರೇಟ್ ಯಾವಾಗಲೂ ಅಗ್ಗ ಅಂತ ಅಂದುಕೊಳ್ಳಬೇಡಿ. ಮೆಟ್‌ನ ಸದ್ಯದ ದರ ನೋಡಿ: ದೊಡ್ಡವರಿಗೆ 30 ಡಾಲರ್, 65 ದಾಟಿದವರಿಗೆ 22, 12ರ ಒಳಗಿನ ಮಕ್ಕಳಿಗೆ ಉಚಿತ. ನಿಮ್ಮ 11 ದೊಡ್ಡವರಿಗೆ 330, ಏಳು ಹಿರಿಯರಿಗೆ 154, ಒಟ್ಟು 484 ಡಾಲರ್. ಗ್ರೂಪ್ ರೇಟ್ ಅಂತ ಯಾರಾದರೂ 24ಕ್ಕೂ ಗುಣಿಸಿ ಹೇಳಿದರೆ ಈ ಲೆಕ್ಕ ಮುಂದಿಡಿ. ಸಿಟಿ ಪಾಸ್, ಗೋ ಸಿಟಿಯಂಥ ಪಾಸ್‌ಗಳೆಲ್ಲ ದಿನಕ್ಕೆ ಮೂರು ಜಾಗ ಓಡಾಡುವ ಇಪ್ಪತ್ತೈದರ ಹುಡುಗರಿಗೆ. ದಿನಕ್ಕೆ ಒಂದೇ ಟಿಕೆಟ್ ಅಂತ ತೀರ್ಮಾನಿಸಿದ ಮೇಲೆ ನಿಮಗೆ ಅವು ನಷ್ಟವೇ.

ಒಳಗೆ ಹೋದ ಮೇಲೆ 24 ಜನ ಒಟ್ಟಿಗೆ ತಿರುಗಬೇಡಿ. ಆರಾರು ಜನರ ನಾಲ್ಕು ತಂಡ ಮಾಡಿ. ಪ್ರತಿ ತಂಡದಲ್ಲೂ ಅಲ್ಲಿನ ಸಿಮ್ ಇರುವ ಒಂದು ಫೋನ್ ಇರಲಿ. ಸೇರುವ ಜಾಗ ಒಳಗೆ ಹೋಗುವ ಮುಂಚೆಯೇ ಕೈತೋರಿಸಿ ಹೇಳಿ, ಗಿಫ್ಟ್ ಶಾಪ್ ಹತ್ತಿರ ಅಂತ ಮಾತ್ರ ಹೇಳಬೇಡಿ, ದೊಡ್ಡ ಮ್ಯೂಸಿಯಂನಲ್ಲಿ ಅಂಥವು ಮೂರು ನಾಲ್ಕು ಇರುತ್ತವೆ. ದೊಡ್ಡ ಮ್ಯೂಸಿಯಂಗಳಲ್ಲಿ ವೀಲ್‌ಚೇರ್ ಉಚಿತವಾಗಿ ಕೊಡುತ್ತಾರೆ. ಮಂಡಿ ನೋವಿನ ಇಬ್ಬರನ್ನೂ ನಾಚಿಕೆ ಬಿಟ್ಟು ಕೂರಿಸಿ, ಬೇಡ ಅಂತಾರೆ, ಅರ್ಧ ಗಂಟೆ ಕಳೆದ ಮೇಲೆ ಅವರೇ ಮುಂದೆ ಇರುತ್ತಾರೆ.

ಬಸ್ಸಿನ ಬಗ್ಗೆ ಎರಡು ಮಾತು. 24 ಜನರಿಗೆ 24 ಸೀಟಿನ ಬಸ್ ಸಾಲದು. ತಲೆಗೆ ಎರಡು ಸೂಟ್‌ಕೇಸ್ ಲೆಕ್ಕ ಹಾಕಿದರೆ 48 ಆಯಿತು, ಸಣ್ಣ ಬಸ್ಸಿನಲ್ಲಿ ಅದಕ್ಕೆ ಜಾಗ ಎಲ್ಲಿ? ಊರಿಂದ ಊರಿಗೆ ಹೋಗುವ ದಿನ ದೊಡ್ಡ ಕೋಚ್ ಇರಲಿ. ಡ್ರೈವರ್‌ಗೆ ಅಲ್ಲಿ ಕಾನೂನಿನ ಮಿತಿ ಇದೆ: ಎಂಟು ತಾಸು ಬಿಡುವಿನ ನಂತರ ಹೆಚ್ಚೆಂದರೆ ಹತ್ತು ತಾಸು ಓಡಿಸಬಹುದು, ಒಟ್ಟು ಹದಿನೈದು ತಾಸು ಡ್ಯೂಟಿ ಮಾಡಿದ ಮೇಲೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತಕ್ಕೆ ಟೈಮ್ಸ್ ಸ್ಕ್ವೇರ್ ತೋರಿಸುತ್ತೇವೆ ಅಂತ ಪಟ್ಟಿಯಲ್ಲಿದ್ದರೆ ಎರಡನೇ ಡ್ರೈವರ್ ಇದ್ದಾನಾ ಕೇಳಿ.

ಕೊನೆಗೆ ನಯಾಗರಾ. ನ್ಯೂಯಾರ್ಕ್‌ನಿಂದ ಸುಮಾರು 650 ಕಿಲೋಮೀಟರ್, ಬಸ್ಸಿನಲ್ಲಿ ಹೋಗಲು ಒಂದು ದಿನ, ಬರಲು ಒಂದು ದಿನ. ನಾಲ್ಕು ಊರಿನ ಜತೆ ಅದನ್ನು ತುರುಕಿದರೆ ಹತ್ತು ದಿನದಲ್ಲಿ ಅರ್ಧ ಕಿಟಕಿಯಲ್ಲೇ ಕಳೆಯುತ್ತದೆ. ನಯಾಗರಾ ಬೇಕು ಅಂದರೆ ಶಿಕಾಗೋ ಬಿಡಿ. ನನ್ನ ಕೇಳಿದರೆ ಹಿರಿಯರಿಗೆ ಬಿಡಿ ಈ ತೀರ್ಮಾನ. ಊರಿಗೆ ವಾಪಸ್ ಬಂದ ದಿನ ಎದುರು ಮನೆಯವರು ಕೇಳುವುದು ನಯಾಗರಾ ನೋಡಿದ್ರಾ ಅಂತಲೇ, ಸ್ಯೂ ನೋಡಿದ್ರಾ ಅಂತ ಯಾರೂ ಕೇಳುವುದಿಲ್ಲ. ಜೋಗ ನೋಡಿದವರಿಗೆ ನಯಾಗರಾ ಎತ್ತರದಲ್ಲಿ ಏನೂ ಅಲ್ಲ, ನೀರಿನ ರಾಶಿ ಮಾತ್ರ ಬೇರೆಯೇ. ಹೋಗುವುದಾದರೆ ನ್ಯೂಯಾರ್ಕ್‌ನಿಂದ ಬಫಲೋಗೆ ವಿಮಾನ ಹಿಡಿಯಿರಿ, ಒಂದೂವರೆ ತಾಸು. ಒಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಬೇಗ ದೋಣಿ ಹತ್ತಿ. ಕೆನಡಾ ಕಡೆಯಿಂದ ನೋಟ ಚೆನ್ನ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ, ಆದರೆ ಭಾರತದ ಪಾಸ್‌ಪೋರ್ಟ್‌ಗೆ ಕೆನಡಾದ ವೀಸಾ ಬೇರೆಯೇ ಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಹಾಗಾಗಿ 24 ಪಾಸ್‌ಪೋರ್ಟಿನ ಮೇಲೂ ವೀಸಾ ಬೀಳುವವರೆಗೆ ವಾಪಸ್ ಬಾರದ ಯಾವ ದುಡ್ಡನ್ನೂ ಏಜೆಂಟರ ಕೈಗೆ ಕೊಡಬೇಡಿ.